ಹೆಸರು ಹಾಕದೆ ಎತ್ತಿಕೊಂಡದ್ದು

ಆವತ್ತು ಕರೆಂಟು ಹೋಗಿತ್ತು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಕರೆಂಟು ಹೋದದ್ದು ಸುಳ್ಳಲ್ಲ. ಆದರೆ ಅದು ಹೋದದ್ದು ನಾನು ಗುಂಡಿ ಒತ್ತಿ ಮುಕ್ಕಾಲು ಗಂಟೆ ಕಳೆದ ಮೇಲೆ. ಆ ಮುಕ್ಕಾಲು ಗಂಟೆಯ ವಿಷಯವನ್ನು ಹೆಂಡತಿ ರತ್ನಾವತಿಗೂ ನಾನು ನೆಟ್ಟಗೆ ಹೇಳಿಲ್ಲ. ಇಲ್ಲಿ ಹೇಳುತ್ತೇನೆ, ಇದನ್ನು ಯಾರೂ ಎತ್ತಿಕೊಳ್ಳಲಾರರು ಎಂಬ ಧೈರ್ಯದ ಮೇಲೆ. ಇಂಥದ್ದನ್ನು ತಲೆಗೆ ಕಟ್ಟಿಕೊಳ್ಳುವ ಮೂರ್ಖ ನಮ್ಮೂರಲ್ಲಿ ಇನ್ನೊಬ್ಬನಿಲ್ಲ.

ನಾನು ಕನ್ನಡಕದ ಅಂಗಡಿಯವನು. ಬರೀ ಶ್ರೀಪಾಲ ಎಂದರೆ ಯಾರಿಗೂ ತಿಳಿಯದು, ಕನ್ನಡಕದ ಶ್ರೀಪಾಲ ಎಂದರೆ ಬಸ್ ನಿಲ್ದಾಣದಿಂದಲೇ ದಾರಿ ತೋರಿಸುತ್ತಾರೆ. ನಮ್ಮ ಊರಿನಲ್ಲಿ ನನ್ನ ಕಸುಬಿಗೆ ಬರಗಾಲವಿಲ್ಲ, ಏಕೆಂದರೆ ಇಲ್ಲಿ ಎಲ್ಲರೂ ಓದುತ್ತಾರೆ. ಮನೆಗೊಂದು ಬ್ಲಾಗು. ಬೆಳಗಿನ ಕಾಫಿ ಕೈಗೆ ಬರುವ ಮೊದಲೇ ಪಕ್ಕದ ಮನೆಯವರು ನಿನ್ನೆ ಏನು ಬರೆದರೆಂದು ನೋಡಿ ಆಗಿರಬೇಕು. ಬೇರೆ ಊರಿನವರು "ಊಟ ಆಯ್ತಾ" ಎನ್ನುವ ಕಡೆ ನಾವು "ಓದಿದ್ರಾ" ಎನ್ನುತ್ತೇವೆ. ಬೇಕರಿಯ ಗುರುಶಾಂತಪ್ಪನ 'ಒಲೆಯ ಬಾಯಿ' ಓದಿದರೆ ಆ ದಿನ ಬನ್ನು ಮೆತ್ತಗಿದೆಯೋ ಗಟ್ಟಿಯೋ ಅಂಗಡಿಗೆ ಹೋಗದೆಯೇ ಗೊತ್ತಾಗುತ್ತದೆ. ಅಂಚೆ ಕಚೇರಿ ಪಕ್ಕದ ಮನೆಯಲ್ಲಿ ಇಬ್ಬರು ವಾರಗಿತ್ತಿಯರು ಬೇರೆ ಬೇರೆ ಬ್ಲಾಗು ಇಟ್ಟುಕೊಂಡಿದ್ದಾರೆ. ಎರಡನ್ನೂ ಜೊತೆಗೆ ತೆರೆದು ಓದಬೇಕು, ಒಂದನ್ನೇ ಓದಿದರೆ ಅರ್ಧ ಜಗಳ ತಪ್ಪಿಹೋಗುತ್ತದೆ. ನನ್ನದೂ ಒಂದಿದೆ, 'ಚಾಳೀಸು' ಎಂದು. ಅದಕ್ಕೆ ಓದುಗರು ಮೂವರು. ರತ್ನಾವತಿ, ಅವಳ ತಮ್ಮ, ಮತ್ತು ಯಾರೆಂದು ನನಗೆ ಇಂದಿಗೂ ತಿಳಿಯದ ಒಬ್ಬರು.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಪುಟಕ್ಕೆ ಹಾಕಿಕೊಂಡರೆ ಅದಕ್ಕೆ ಎತ್ತಿಕೊಳ್ಳುವುದು ಎನ್ನುತ್ತೇವೆ. ಬರೆದವರ ಹೆಸರು ಹಾಕಿ ಎತ್ತಿಕೊಂಡರೆ ಸಂಗತಿ ಅವರ ಹತ್ತಿರವೂ ಇರುತ್ತದೆ, ನಮ್ಮ ಮನೆಗೂ ನೆಂಟರ ಹಾಗೆ ಬಂದು ಕೂರುತ್ತದೆ. ನೆಂಟರು ಯಾರ ಕಡೆಯವರು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಹೆಸರು ಹಾಕದೆ ಎತ್ತಿಕೊಂಡರೆ ಅಲ್ಲಿಂದ ಎದ್ದು ಇಲ್ಲಿಗೇ ಬಂದುಬಿಡುತ್ತದೆ. ಬರೆದವರ ಪುಟದಲ್ಲಿ ಆ ಜಾಗ ಖಾಲಿ, ತಲೆಯಲ್ಲೂ ಖಾಲಿ. ಹಾಲಿನ ಡೈರಿಯ ನಿಂಗರಾಜು ಒಂದು ಸಲ ಕಡಲು ನೋಡಿ ಬಂದು ಬರೆದಿದ್ದ. ಅವನ ಅಳಿಯ ಅದನ್ನು ಸುಮ್ಮನೆ ಎತ್ತಿಕೊಂಡ. ಈಗ ನಿಂಗರಾಜುವಿಗೆ ಅವನದೇ ಫೋಟೋ ತೋರಿಸಿದರೆ, ಪಂಚೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಿಂತಿರುವ ಈ ಮುದುಕ ಯಾರು ಎನ್ನುತ್ತಾನೆ. ಅಳಿಯ ಮಾತ್ರ ಅನ್ನ ಕಲಸುವಾಗಲೂ ಅಲೆಯ ಮಾತಾಡುತ್ತಾನೆ.

ಇನ್ನೊಂದು ಬಗೆಯವರೂ ಇದ್ದಾರೆ. ಇವರು ಕದಿಯುವವರಲ್ಲ, ದಾಟಿಸುವವರು. ತಡೆಯಲಾರದ್ದೇನಾದರೂ ಮನಸ್ಸಿನಲ್ಲಿದ್ದರೆ ಅದನ್ನು ಬರೆದು, ಯಾರಾದರೂ ಸಾಧು ಪ್ರಾಣಿಯ ಮನೆಗೆ ಹೋಗಿ, "ಇದು ನಿಮ್ಮದೇ, ಹಿಂದೆ ನಾನು ತಪ್ಪಿ ಎತ್ಕೊಂಡಿದ್ದೆ, ಹೆಸರು ಹಾಕದೆ ವಾಪಸು ತಗೊಂಡುಬಿಡಿ" ಎಂದು ಕಣ್ಣೀರು ಹಾಕುತ್ತಾರೆ. ಹೀಗೆ ಮೋಸಹೋದ ಮೇಷ್ಟ್ರೊಬ್ಬರು ನಮ್ಮಲ್ಲಿದ್ದಾರೆ. ಅವರು ತಾವು ಮದುವೆಯೇ ಆಗದ ಹೆಂಗಸಿಗಾಗಿ ಇವತ್ತಿಗೂ ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ.

ಇಂಥ ಊರಿಗೆ ಒಂದು ಮರ್ಯಾದೆ ಅಂತ ಕಲಿಸಿದವರು ಅಂಬುಜಾಕ್ಷಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ತಂತಿ ಜೋಡಿಸಿ ನಿವೃತ್ತರಾದವರು, ಎಪ್ಪತ್ತೊಂದು ವರ್ಷ, ಒಬ್ಬರೇ ಇರುತ್ತಾರೆ. ಮೊದಲು ಕೇಳು, ಹೆಸರನ್ನು ಬರಹದ ತಲೆಯ ಮೇಲೆ ಹಾಕು, ಬಾಲಕ್ಕಲ್ಲ, ತಲೆಯನ್ನೂ ಬಾಲವನ್ನೂ ಕತ್ತರಿಸಬೇಡ, ಏಕೆ ಎತ್ತಿಕೊಂಡೆ ಎಂದು ಒಂದು ಸಾಲು ಬರೆ. ಇಷ್ಟನ್ನು ಅವರು ಯಾವ ಕಾಲದಲ್ಲೋ ಬರೆದರು. ಈಗ ಚಹಾದಂಗಡಿಯ ಗೋಡೆಯ ಮೇಲೂ ಅದು ಅಂಟಿದೆ. ಎರಡು ಸಾಲಿನ ನಗೆಹನಿ ಎತ್ತಿಕೊಳ್ಳಬೇಕಾದರೂ ಅವರು ಕೊಡೆ ಹಿಡಿದು ಬರೆದವರ ಮನೆಗೆ ನಡೆದುಹೋಗಿ, ಬಾಗಿಲಲ್ಲೇ ನಿಂತು "ಎತ್ಕೊಳ್ಲಾ?" ಎಂದು ಕೇಳುವರು. ಫೋನು ಮಾಡಿ ಕೇಳಬಹುದಲ್ಲ ಎಂದರೆ, "ಜೀವಮಾನವೆಲ್ಲ ಅದೇ ಮಾಡಿದೀನಿ, ತಂತಿ ಮೇಲೆ ಇಲ್ಲ ಅನ್ನೋದು ಜನಕ್ಕೆ ಕಷ್ಟ" ಎನ್ನುವರು.

ಅವರ ಬ್ಲಾಗು 'ತಂತಿಯ ಈಚೆ'. ಸೋಮವಾರ ಮತ್ತು ಗುರುವಾರ ಬರುತ್ತಿತ್ತು. ನನಗೆ ಅದಕ್ಕಿಂತ ಪ್ರೀತಿಯ ಬ್ಲಾಗು ಇನ್ನೊಂದಿರಲಿಲ್ಲ. ಬೇರೆ ಏನು ಓದಿದರೂ ಎದ್ದು ಕೆಲಸಕ್ಕೆ ಹೋಗುತ್ತಿದ್ದೆ, ಅವರದ್ದು ಓದಿದ ದಿನ ಮೊದಲ ಗಿರಾಕಿ ಬರುವ ತನಕ ಸುಮ್ಮನೆ ಕೂತಿರುತ್ತಿದ್ದೆ. ಬೀದಿ ನಾಯಿಯ ಬಗ್ಗೆ ಬರೆದರೂ ಆ ನಾಯಿಗೆ ಏನೋ ಹೇಳುವುದಿದೆ, ಇವರು ಅದಕ್ಕೆ ಕಾಯುತ್ತಿದ್ದಾರೆ ಅನಿಸುತ್ತಿತ್ತು. ನಾನು ಹಾಗೆ ಬರೆಯಬೇಕೆಂದು ಒಂಬತ್ತು ವರ್ಷ ಪ್ರಯತ್ನಪಟ್ಟೆ. ಆಗಲಿಲ್ಲ.

ಆ ಗುರುವಾರ ಅವರು ತಮ್ಮನ ಬಗ್ಗೆ ಬರೆದಿದ್ದರು. ಅವರಿಗೆ ಒಬ್ಬ ತಮ್ಮನಿದ್ದನೆಂಬುದು ನನಗೆ ಗೊತ್ತಿರಲಿಲ್ಲ. ಮೊದಲ ಸಾಲು ಹೀಗಿತ್ತು: "ನನ್ನ ತಮ್ಮನ ಹೆಸರು ಸೀತಾಪತಿ, ಆದರೆ ಅವನಿಗೆ ಆ ಹೆಸರು ಒಮ್ಮೆಯೂ ಕೇಳಿಸಲಿಲ್ಲ." ಹುಟ್ಟು ಕಿವುಡ. ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಏಳು ವರ್ಷ ದೊಡ್ಡವರಾದ ಅಂಬುಜಾಕ್ಷಮ್ಮ ಅವನ ಜೊತೆ ಕೂತು ಕೈಮಾತು ಕಟ್ಟಿದರು, ಒಂದೊಂದಾಗಿ, ಮುನ್ನೂರರ ಹತ್ತಿರ. ಹೆಬ್ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿದರೆ ಹುಳಿ. ಗಲ್ಲ ಉಜ್ಜಿಕೊಂಡರೆ ಅಪ್ಪ. ಅಂಗಿಯ ತೋಳು ಮಡಿಸಿದರೆ ಸೋಮವಾರ, ಏಕೆಂದರೆ ಅಗಸರ ಮನೆಯಿಂದ ಬಟ್ಟೆ ಬರುತ್ತಿದ್ದದ್ದು ಸೋಮವಾರ. ಜಗತ್ತಿನಲ್ಲಿ ಆ ಭಾಷೆ ಗೊತ್ತಿದ್ದವರು ಇಬ್ಬರೇ. ದೊಡ್ಡವನಾದ ಮೇಲೆ ಹಿಟ್ಟಿನ ಗಿರಣಿಗೆ ಸೇರಿದ. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಅವನು ಎಲ್ಲರ ಸಮ ಆಗಿದ್ದ ಎಂದು ಬರೆದಿದ್ದರು.

ಅವನಿಗೆ ಇಪ್ಪತ್ತಾರು ತುಂಬಿದಾಗ ಜ್ವರ ಬಂತು. ಪಕ್ಕದ ಊರಿನ ಆಸ್ಪತ್ರೆಗೆ ಸೇರಿಸಿದರು. ಅಕ್ಕನಿಗೆ ರಜೆ ಸಿಗಲಿಲ್ಲ, ನಾಲ್ಕು ಗಂಟೆಯ ಹೊತ್ತು ಅವನೊಬ್ಬನೇ ಇದ್ದ. ಎಲ್ಲಿ ನೋಯುತ್ತದೆ, ಏನು ಬೇಕು ಎಂದು ಅವನು ಕೈಯಲ್ಲಿ ಹೇಳುತ್ತಲೇ ಇದ್ದ. ಜ್ವರದ ಸನ್ನಿಯೆಂದುಕೊಂಡು ಅಲ್ಲಿಯವರು ಅವನ ಎರಡೂ ಕೈಗಳನ್ನು ಮಂಚದ ಸರಳಿಗೆ ಬ್ಯಾಂಡೇಜು ಬಟ್ಟೆಯಲ್ಲಿ ಕಟ್ಟಿದರು. ಅಕ್ಕ ಬಂದು ಬಿಚ್ಚಿದಾಗ ಮುಂಗೈ ಸುಲಿದಿತ್ತು. ಬಲಗೈ ಎತ್ತಿ ಏನೋ ಹೇಳಹೊರಟ, ಅರ್ಧಕ್ಕೆ ಕೈ ಬಿತ್ತು. ಆ ಅರ್ಧ ಮಾತನ್ನು ಪೂರ್ತಿ ಮಾಡಲು ಮೂವತ್ತೆಂಟು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ ಎಂದು ಬರೆದು, ಕೊನೆಗೆ ಹೀಗೆಂದಿದ್ದರು: "ಯಾರ ಮಾತೋ ಅವರ ಹೆಸರಿನಲ್ಲೇ ಇರಲಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ. ಎಲ್ಲರೂ ಕೇಳುತ್ತಿದ್ದರಲ್ಲ, ಹೇಳಿದ್ದೇನೆ."

ಅದು ಆಗತಾನೇ ಬಂದಿತ್ತು, ಬೇರೆ ಯಾರೂ ಓದುವ ಮೊದಲೇ ಅಂಗಡಿಯಲ್ಲಿ ಒಬ್ಬನೇ ಕೂತು ಓದಿದೆ. ಅತ್ತೆ. ಇದನ್ನು ನನ್ನ ಪುಟದಲ್ಲೂ ಹಾಕಬೇಕು ಅನಿಸಿತು, ಅದರಲ್ಲಿ ಕಪಟವಿರಲಿಲ್ಲ. ಕೇಳಿ ಬರೋಣವೆಂದರೆ ಅವರ ಮನೆ ಮೂರು ಬೀದಿ ಆಚೆ, ಅಂಗಡಿಯನ್ನು ಆಗಷ್ಟೇ ತೆರೆದಿದ್ದೆ. ಸಂಜೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ತಲೆಯ ಮೇಲೆ "ಅಂಬುಜಾಕ್ಷಮ್ಮನವರ" ಎಂದು ಬರೆದೂ ಬರೆದೆ. ಆಮೇಲೆ ಅಳಿಸಿದೆ.

ಅಳಿಸಿದ್ದಕ್ಕೆ ಕಾರಣ ಇಷ್ಟೇ. ಇಂಥದ್ದೊಂದನ್ನು ಬರೆದವನಾಗಿರುವುದು ಹೇಗಿರುತ್ತದೆ ಎಂದು ಸ್ವಲ್ಪ ಹೊತ್ತು ನೋಡಬೇಕಿತ್ತು. ಒಂದು ಗಂಟೆಯೊಳಗೆ ಹೆಸರು ಹಾಕಿಬಿಟ್ಟರೆ ಏನೂ ಆಗುವುದಿಲ್ಲ ಎಂದು ಯಾರೋ ಹೇಳಿದ್ದು ಕೇಳಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ಇಂಥ ಒಂದು ನಂಬಿಕೆ ಇರಬೇಕು. ಒತ್ತಿದೆ. ಮೂವರೇ ಓದುತ್ತಿದ್ದ ಪುಟಕ್ಕೆ ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಜನ ಬಂದು ಬರೆದರು. "ಶ್ರೀಪಾಲಣ್ಣ, ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?" ಎಂದು ಬೇಕರಿಯ ಗುರುಶಾಂತಪ್ಪ ಕೇಳಿದ್ದ. ಸುಖವಾಯಿತು. ಸುಳ್ಳೇಕೆ ಹೇಳಲಿ, ಬಹಳ ಸುಖವಾಯಿತು. ಹನ್ನೆರಡನೆಯದ್ದು ಬರಲಿ, ಆಮೇಲೆ ಹೆಸರು ಹಾಕೋಣ ಎಂದು ಕಾಯುತ್ತಿದ್ದಾಗ ಕರೆಂಟು ಹೋಗಿ ಕಂಪ್ಯೂಟರು ಆರಿತು. ಮಧ್ಯಾಹ್ನ ಬಂದಾಗ ಹೆಸರು ಹಾಕಿದೆ. ಅಂಟಲಿಲ್ಲ. ಮೂರು ಸಲ ಹಾಕಿದೆ, ಮೂರು ಸಲವೂ ನನ್ನ ಕಣ್ಣೆದುರೇ ಮಾಯವಾಯಿತು. 'ತಂತಿಯ ಈಚೆ' ತೆರೆದು ನೋಡಿದರೆ ಗುರುವಾರದ ಜಾಗ ಬೋಳಾಗಿತ್ತು.

ಊಟಕ್ಕೆ ಮನೆಗೆ ಹೋದೆ. ರತ್ನಾವತಿ ಬಡಿಸಿದ ಸಾರಿನ ತುತ್ತು ಬಾಯಿಗಿಟ್ಟ ಕೂಡಲೇ ನನ್ನ ಹೆಬ್ಬೆರಳು ತಾನಾಗಿ ನಾಲಿಗೆಯ ತುದಿಗೆ ಹೋಯಿತು.

"ಏನ್ರೀ ಅದು?" ಎಂದಳು.

"ಹುಳಿ ಜಾಸ್ತಿ ಆಗಿದೆ" ಎಂದೆ.

"ಅದನ್ನ ಬಾಯಲ್ಲಿ ಹೇಳಬಾರ್ದಾ?"

ನಾನು ತಟ್ಟೆ ಬಿಟ್ಟು ಎದ್ದೆ. ಹಿತ್ತಲಿಗೆ ಹೋಗಿ ನಿಂತರೆ ಸೀತಾಪತಿ ಪೂರ್ತಿಯಾಗಿ ಬಂದ. ಬಸ್ಸಿನಲ್ಲಿ ನನ್ನ ಭುಜದ ಮೇಲೆ ನಿದ್ದೆಹೋದ ಅವನ ತಲೆಯ ಭಾರ, ಗಿರಣಿಯಿಂದ ಬಂದಾಗ ರೆಪ್ಪೆಗೆ ಹತ್ತಿದ ಹಿಟ್ಟು, ನನ್ನನ್ನು ನಗಿಸಲು ಅವನು ಸೋಮವಾರವನ್ನು ಬೇಕೆಂದೇ ತಪ್ಪಾಗಿ ಮಡಿಸುತ್ತಿದ್ದದ್ದು. ಬರಹದಲ್ಲಿ ಇದ್ದದ್ದೂ ಬಂತು, ಬರೆಯದೆ ಉಳಿದಿದ್ದದ್ದೂ ಅದರ ಹಿಂದೆಯೇ ಬಂತು. ಕಡೆಗೆ ಆ ಮಂಚ. ಸುಲಿದ ಮುಂಗೈಯನ್ನು ನಾನು ಹಿಡಿದುಕೊಂಡೆ, ಬಿಸಿಯಾಗಿತ್ತು. ನನಗೆ ತಮ್ಮ ಇಲ್ಲ. ಒಬ್ಬಳು ತಂಗಿ ಇದ್ದಾಳೆ, ಗಟ್ಟಿಮುಟ್ಟಾಗಿ, ಜಗಳಗಂಟಿಯಾಗಿ. ಆದರೂ ಹಿತ್ತಲಿನ ಕಲ್ಲಿನ ಮೇಲೆ ಕೂತು ಸತ್ತ ತಮ್ಮನಿಗಾಗಿ ಸಂಜೆಯವರೆಗೂ ಅತ್ತೆ.

ಮರುದಿನ ಅಂಬುಜಾಕ್ಷಮ್ಮ ಅಂಗಡಿಗೆ ಬಂದರು. ಕನ್ನಡಕದ ಕಾಲು ಸಡಿಲವಾಗಿತ್ತು. ಅವರು ಎಂದಿನಂತೆ ಸ್ಟೂಲಿನ ಮೇಲೆ ಕೂತು, "ನಿನ್ನೆ ಗುರುವಾರ ಖಾಲಿ ಹೋಯ್ತು ನೋಡಿ. ಇಷ್ಟು ವರ್ಷದಲ್ಲಿ ಮೊದಲನೇ ಸಲ. ಏನೋ ಬರೀಬೇಕು ಅಂತ ಕೂತೆ, ಏನು ಅಂತಾನೇ ಹೊಳೀಲಿಲ್ಲ. ವಯಸ್ಸಾಯ್ತು" ಎಂದು ನಕ್ಕರು. ನಾನು ತಲೆ ತಗ್ಗಿಸಿ ತಿರುಪು ಬಿಗಿಮಾಡಿದೆ. "ನಿಮ್ಮ ಪುಟ ಚೆನ್ನಾಗಿ ಬಂದಿದೆಯಂತಲ್ಲ. ಕನ್ನಡಕ ಸರಿಯಾದ ಮೇಲೆ ಓದ್ತೀನಿ" ಎಂದರು. ಅವರು ಮಾತಾಡುವಾಗ ಯಾವಾಗಲೂ ಬೆರಳುಗಳು ಮಡಿಲಲ್ಲಿ ಒಂದಿಷ್ಟು ಆಡುತ್ತಿದ್ದವು. ಎಕ್ಸ್‌ಚೇಂಜಿನ ಅಭ್ಯಾಸವೆಂದು ನಾವೆಲ್ಲ ತಿಳಿದಿದ್ದೆವು. ಆವತ್ತು ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆಗಲೇ ಹೇಳಿಬಿಡಬೇಕಿತ್ತು. ಕನ್ನಡಕ ಒರೆಸಿ ಕೊಟ್ಟೆ.

ವಾರ ಕಳೆಯುವುದರೊಳಗೆ ಹಿಟ್ಟಿನ ಗಿರಣಿಯ ಹಳೆಯ ಯಜಮಾನರು ಸದಾನಂದಯ್ಯ ಕೋಲೂರಿಕೊಂಡು ಅಂಗಡಿಗೆ ಬಂದರು. ಕೂರಲಿಲ್ಲ.

"ಸೀತಾಪತಿ ನಮ್ಮ ಗಿರಣೀಲಿ ಇದ್ದವನು. ನಿನಗೆ ಅವನು ಯಾವಾಗಿಂದ ತಮ್ಮ ಆದ?"

ಕುಂಬಳಕಾಯಿ ಕಳ್ಳ ಎಂದು ಕರೆಯುವ ಮೊದಲೇ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಕರೆಂಟಿನ ಕಥೆ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕರೆಂಟು ನಮ್ಮನೇಲೂ ಹೋಗಿತ್ತು. ನಾನು ಯಾರ ತಮ್ಮನ್ನೂ ಎತ್ಕೊಂಡು ಬರ್ಲಿಲ್ಲ. ಹೋಗಿ ಆಯಮ್ಮನಿಗೆ ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ" ಎಂದು ಹೊರಟುಹೋದರು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಬೀದಿಯಲ್ಲಿ ಎದುರಾದವರು ನನಗೆ "ಓದಿದ್ರಾ" ಎನ್ನುವುದನ್ನು ನಿಲ್ಲಿಸಿದರು. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಬಹಿಷ್ಕಾರವಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹನ್ನೊಂದು ಹೊಗಳಿಕೆಗೆ ಹೋಯಿತು.

ರತ್ನಾವತಿಯ ಲೆಕ್ಕ ಬೇರೆ ಇತ್ತು. "ಬಿಟ್ಟುಬಿಡಿ. ಅವರು ಹಗುರ ಆಗಿದಾರೆ. ಮೊನ್ನೆ ಹೂವಿನವಳ ಹತ್ರ ನಿಂತು ಹಾಡ್ಕೋತಾ ಇದ್ರು, ನಾನೇ ನೋಡ್ದೆ. ಊರಲ್ಲಿ ಎಷ್ಟು ಜನ ದಾಟಿಸೋಕೆ ಒದ್ದಾಡ್ತಾರೆ. ನೀವು ಕೇಳ್ದೇನೇ ಹೊತ್ಕೊಂಡ್ರಿ, ಹೊತ್ಕೊಳ್ಳಿ" ಎಂದಳು. ಆಮೇಲೆ "ಊಟ ಮಾಡ್ವಾಗ ಮಾತ್ರ ಕೈ ಆಡಿಸ್ಬೇಡಿ, ನನಗೆ ಭಯ ಆಗುತ್ತೆ" ಎಂದಳು. ಅಳಿಸಿಹಾಕೋಣವೆಂದರೆ ಅಳಿಸುವಂತೆಯೂ ಇಲ್ಲ. ನನ್ನ ಪುಟದಿಂದ ಅಳಿಸಿದರೆ ಸೀತಾಪತಿ ಅವರಿಗೂ ಇಲ್ಲ, ನನಗೂ ಇಲ್ಲ. ಯಾರ ನೆನಪಿನಲ್ಲೂ ಇಲ್ಲದೆ ಹೋಗುತ್ತಾನೆ. ಅವನನ್ನು ವಾಪಸು ಕೊಡುವ ದಾರಿ ಒಂದೇ. ಅಂಬುಜಾಕ್ಷಮ್ಮ ತಮ್ಮ ಕೈಯಾರೆ ಅದನ್ನು ನನ್ನ ಪುಟದಿಂದ ಎತ್ತಿಕೊಳ್ಳಬೇಕು, ನನ್ನ ಹೆಸರು ಹಾಕದೆ.

ಅವರು ಹಗುರಾಗಿದ್ದದ್ದು ನಿಜವೆಂದೇ ಇಟ್ಟುಕೊಳ್ಳೋಣ. ಆದರೆ 'ತಂತಿಯ ಈಚೆ' ಒಣಗಿತು. ಸೋಮವಾರ ನಾಯಿಯ ಬಗ್ಗೆ ಬರೆದರೆ ಅದು ಬರೀ ನಾಯಿಯಾಗಿತ್ತು. ಓದಿ ಎದ್ದು ಕೆಲಸಕ್ಕೆ ಹೋಗಬಹುದಿತ್ತು. ಅದನ್ನು ನೋಡಿದ ಮೇಲೆ ನನಗೆ ಕೂರಲಾಗಲಿಲ್ಲ, ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ.

ಜಗಲಿಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅದು ನಿಮ್ಮ ಬರಹ, ಅವನು ನಿಮ್ಮ ತಮ್ಮ, ನಾನು ಹೆಸರು ಹಾಕದೆ ಎತ್ತಿಕೊಂಡೆ, ತಪ್ಪಾಯಿತು, ಹೆಸರು ಹಾಕದೆ ವಾಪಸು ತೆಗೆದುಕೊಳ್ಳಿ ಎಂದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಹೇಳಿ ಮುಗಿಸಿದಾಗ ನನ್ನ ಕಿವಿಗೇ ಅದು ಕೇಳಿಸಿತು. ದಾಟಿಸಲು ಬರುವವರು ಹೇಳುವುದೂ ಇದೇ ಮಾತು, ಹಾಕುವುದೂ ಇದೇ ಕಣ್ಣೀರು.

ಅವರು ಬಿಡಿಸಿದ ಕಾಳನ್ನು ಒಂದು ಕಡೆಗೆ ಸರಿಸಿದರು. "ಕೂತ್ಕೊಳ್ಳಿ" ಎಂದರು. ಕೂತೆ.

"ಹೀಗೆ ಹೇಳ್ಕೊಂಡು ನನ್ನ ಮನೆಗೆ ಬಂದವರಲ್ಲಿ ನೀವು ನಾಲ್ಕನೆಯವರು. ಬೈಯೋದಕ್ಕೆ ಹೇಳ್ತಿಲ್ಲ. ಭಾರ ತಡೀಲಾರದೆ ಬರ್ತಾರೆ."

"ಅಮ್ಮಾ, ನಾನು ದಾಟಿಸೋಕೆ ಬಂದಿಲ್ಲ. ಗಿರಣಿಯ ಸದಾನಂದಯ್ಯನವರನ್ನ ಕೇಳಿ, ಅವನನ್ನ ಅವರು ಬಲ್ಲರು."

"ಕೇಳ್ಬಹುದು. ಅವರು ಹೌದು ಅಂದ್ರೆ ಹೌದೇ ಇರಬಹುದು. ಆದ್ರೆ ನನ್ನೊಳಗೆ ಕೈಯಾಡಿಸಿ ನೋಡಿದ್ರೆ ಅಲ್ಲೇನೂ ಇಲ್ಲ, ಶ್ರೀಪಾಲ. ಇಲ್ಲದ್ದನ್ನ ನನ್ನದು ಅಂತ ಹೆಸರು ಹಾಕದೆ ಎತ್ಕೊಂಡು, ಆಮೇಲೆ ಅದು ನಿಮ್ಮದೇ ಆಗಿದ್ರೆ? ನಿಮ್ಮ ತಮ್ಮನ್ನ ನಾನು ಕದ್ದ ಹಾಗಾಯ್ತಲ್ಲ. ಜೀವಮಾನದಲ್ಲಿ ಒಂದು ಸಾಲನ್ನೂ ಹಾಗೆ ಎತ್ಕೊಂಡಿಲ್ಲ. ಈ ವಯಸ್ಸಿನಲ್ಲಿ ಮಾಡಿಸ್ಬೇಡಿ."

"ಯಾಕಮ್ಮಾ ಅಷ್ಟು ಹಟ?" ಎಂದೆ. ಕೇಳಬಾರದಿತ್ತು. ಅದರ ಉತ್ತರ ನನ್ನ ಹತ್ತಿರವೇ ಇತ್ತು.

ಅವರು ಯೋಚಿಸಿದರು. ಹುಡುಕಿದರು ಎನ್ನಬೇಕು. "ಯಾಕೋ. ಮೊದಲಿಂದ ಹಾಗೇ" ಎಂದು ಮೊರಕ್ಕೆ ಕೈ ಹಾಕಿದರು. ಮತ್ತೆ ಏನೋ ಜ್ಞಾಪಕವಾದವರಂತೆ ಒಳಗೆ ಹೋಗಿ ಒಂದು ಫೋಟೋ ತಂದರು. ಗಿರಣಿಯ ಮುಂದೆ ನಿಂತ ಯುವಕ, ತೋಳು ಮಡಿಸಿದ ಬಿಳಿ ಅಂಗಿ. "ಟ್ರಂಕಿನಲ್ಲಿ ಸಿಕ್ತು. ಯಾರು ಅಂತ ಗೊತ್ತಾಗ್ತಿಲ್ಲ. ಗಿರಣಿ ಅಂತ ನೀವು ಅಂದ್ರಲ್ಲ, ನಿಮಗೆ ಬೇಕಾದವರೇ ಇರಬೇಕು. ನನ್ನ ಹತ್ರ ಇದ್ದು ಏನು ಮಾಡೋದು, ತಗೊಳ್ಳಿ" ಎಂದು ಕೈಗೆ ಕೊಟ್ಟರು. ಬೇಡ ಎನ್ನಲಾಗಲಿಲ್ಲ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಅವರ ಬೀದಿ ದಾಟುವವರೆಗೂ ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಡೆದೆ.

ಆಮೇಲೆ ನಾಲ್ಕು ತಿಂಗಳು. ಬೆಳಗ್ಗೆ ಎದ್ದ ಕೂಡಲೇ ನನ್ನ ಬಲಗೈ ಮೇಲೆದ್ದು ಅರ್ಧಕ್ಕೆ ನಿಲ್ಲುತ್ತದೆ. ಅದು 'ನೀರು' ಎಂಬ ಕೈಮಾತಿನ ಮೊದಲರ್ಧವೋ, 'ಮನೆ' ಎಂಬುದರ ಮೊದಲರ್ಧವೋ, ಎರಡೂ ಅಲ್ಲದ ಹೊಸದೊಂದೋ ಎಂದು ಬಿಡಿಸುತ್ತಾ ಕೂರುತ್ತೇನೆ. ಅಕ್ಕನಾದವರಿಗೇ ಮೂವತ್ತೆಂಟು ವರ್ಷದಲ್ಲಿ ತಿಳಿಯದ್ದು ಕದ್ದುಕೊಂಡು ಬಂದ ನನಗೆ ಎಲ್ಲಿ ತಿಳಿಯಬೇಕು. ಜೊತೆಗೆ ಇನ್ನೊಂದು ನೋವು. ಈ ಕೈಮಾತನ್ನು ಆಡಲು ಎರಡನೆಯವರಿಲ್ಲ. ಮೊದಲು ಒಬ್ಬರಿಗೆ ಬರುತ್ತಿತ್ತು, ಈಗಲೂ ಒಬ್ಬನಿಗೆ ಬರುತ್ತದೆ. ಅವರು ಒಬ್ಬರೇ ಇದನ್ನು ಹೊತ್ತು ಎಕ್ಸ್‌ಚೇಂಜಿಗೆ ಹೋಗಿ, ಊರಿನವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಜೋಡಿಸಿ, ಮನೆಗೆ ಬಂದು ಅಡುಗೆ ಮಾಡಿಕೊಂಡು ಉಂಡರಲ್ಲ, ಆ ದಿನಗಳೆಲ್ಲ ನನಗೆ ನೆನಪಿವೆ. ಅವರಿಗೆ ನೆನಪಿಲ್ಲ.

ಒಂದು ಬುಧವಾರ ಅವರು ಕೊಡೆ ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ನಿಮ್ಮದನ್ನ ಈಗ ಓದ್ದೆ. ಮುಂಚೆ ಓದೋಕೆ ಯಾಕೋ ಮನಸ್ಸಾಗ್ತಿರಲಿಲ್ಲ. ಎತ್ಕೊಳ್ಲಾ? ಹೆಸರು ಹಾಕಿ."

ರತ್ನಾವತಿ ನನ್ನ ಮುಖ ನೋಡಿದಳು. ನಾನು ಇಲ್ಲ ಎನ್ನಬಹುದಿತ್ತು. ನನ್ನ ಹೆಸರು ಹಾಕಿ ಎತ್ತಿಕೊಂಡರೆ ಸೀತಾಪತಿ ಅವರ ಮನೆಗೆ ನನ್ನ ಕಡೆಯ ನೆಂಟನಾಗಿ ಹೋಗುತ್ತಾನೆ, ಅಲ್ಲಿಗೆ ಅವನು ಯಾರವನು ಎಂಬ ಅನುಮಾನದ ಎಳೆಯೂ ಹರಿದುಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೇಗೋ ಒಂದು ಬಗೆಯಲ್ಲಿ ಅವನು ಆ ಮನೆಯೊಳಗೆ ಹೋಗಲಿ ಅನಿಸಿತು. ಹೋದರೆ ಒಳಗೇನಾದರೂ ಅವನ ಗುರುತು ಹಿಡಿದೀತು ಎಂಬ ಆಸೆ. ಒಬ್ಬನೇ ಹೊತ್ತು ಸಾಕಾಗಿತ್ತು ಎಂಬುದೂ ಇರಬಹುದು. ಈ ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ನಾನು ಅಳೆದು ನೋಡಿಲ್ಲ.

"ಎತ್ಕೊಳ್ಳಿ" ಎಂದೆ.

ಗುರುವಾರ 'ತಂತಿಯ ಈಚೆ'ಯಲ್ಲಿ ಅದು ಬಂತು. ತಲೆಯ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು. ಒಂದು ಅಕ್ಷರವೂ ಕತ್ತರಿಸಿರಲಿಲ್ಲ. ಕೆಳಗೆ ಏಕೆ ಎತ್ತಿಕೊಂಡೆ ಎಂಬ ಒಂದು ಸಾಲು: "ಓದಿದ ಮೇಲೆ ಸುಮ್ಮನೆ ಇರಲಾಗಲಿಲ್ಲ."

ಶುಕ್ರವಾರ ಹತ್ತು ಗಂಟೆಗೆ ಅಂಗಡಿಗೆ ಬಂದರು. ಒಗೆದ ಬಿಳಿ ಸೀರೆ ಉಟ್ಟಿದ್ದರು, ಸಾವಿನ ಮನೆಗೆ ಹೋಗುವಾಗ ಉಡುವಂಥದ್ದು. ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಕಣ್ಣು ಕೆಂಪಾಗಿತ್ತು.

"ಶ್ರೀಪಾಲ, ನಿಮ್ಮ ಹತ್ರ ಕ್ಷಮೆ ಕೇಳ್ಬೇಕು."

"ನೀವಾ?"

"ಆವತ್ತು ನೀವು ಬಂದು, ಅವನು ನಿಮ್ಮ ತಮ್ಮ, ತಗೊಳ್ಳಿ ಅಂದ್ರಲ್ಲ. ನಾನು ದಾಟಿಸೋಕೆ ಬಂದಿದಾರೆ ಅಂದ್ಕೊಂಡು ಗಟ್ಟಿ ಮಾತಾಡ್ಬಿಟ್ಟೆ. ಈಗ ಗೊತ್ತಾಯ್ತು ಯಾಕೆ ಹಾಗಂದ್ರಿ ಅಂತ. ಅಂಥಾದ್ದನ್ನ ಯಾರು ತಾನೇ ಒಬ್ಬರೇ ಇಟ್ಕೋತಾರೆ. ನಿನ್ನೆ ಪೂರ್ತಿ ನನಗೆ ಅನ್ನ ಸೇರ್ಲಿಲ್ಲ. ನನ್ನವನಲ್ಲ, ಆದ್ರೂ ಸೇರ್ಲಿಲ್ಲ."

ನನ್ನ ಕೈ ಹಿಡಿದುಕೊಂಡರು. ಸಮಾಧಾನ ಹೇಳುವವರು ಹಿಡಿಯುವ ಹಾಗೆ, ಮುಂಗೈಯನ್ನು ಸವರುತ್ತಾ ಹಿಡಿದುಕೊಂಡರು. ನಿಜ ಹೇಳಿದರೂ ಇನ್ನು ಅವರಿಗೆ ತಾಗುವಂತಿರಲಿಲ್ಲ. ಹೆಸರು ಬಿದ್ದಾಗಿತ್ತು.

"ಅತ್ತುಬಿಡಿ, ಪರವಾಗಿಲ್ಲ. ಕಟ್ಟಿದ್ದು ನೀವಲ್ಲ. ನೀವು ಬಿಚ್ಚಿದ್ರಿ. ಅದನ್ನ ಜ್ಞಾಪಕ ಇಟ್ಕೊಳ್ಳಿ" ಎಂದರು. ಈ ಮಾತನ್ನು ಮೂವತ್ತೆಂಟು ವರ್ಷದಲ್ಲಿ ಯಾರಾದರೂ ಅವರಿಗೆ ಹೇಳಬೇಕಿತ್ತು. ಯಾರೂ ಹೇಳಿರಲಿಲ್ಲವೆಂದು ನನಗೆ ಗೊತ್ತು.

ನಾನು ಅತ್ತೆ. ಅವರು ಕಾದರು. ಗಿರಾಕಿಯೊಬ್ಬ ಬಂದು ನೋಡಿ ಹಾಗೇ ಹಿಂದಕ್ಕೆ ಹೋದ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಅವನಿಗೆ ನೀವಲ್ಲದೆ ಮನೇಲಿ ಇನ್ಯಾರೂ ಇರಲಿಲ್ವಾ?"

"ಅಕ್ಕ ಒಬ್ಬರಿದ್ರು."

"ಅವನ ಮಾತು ಇಬ್ಬರಿಗೇ ಗೊತ್ತು ಅಂತ ಬರ್ದಿದೀರಿ. ಅವರಿಗೂ ಬರ್ತಿತ್ತಾ?"

"ನನಗಿಂತ ಚೆನ್ನಾಗಿ ಬರ್ತಿತ್ತು. ಆ ಮಾತು ಕಟ್ಟಿದ್ದೇ ಅವರು."

"ಈಗ ಇದಾರಾ?"

"ಇದಾರೆ."

"ಎಲ್ಲಿ?"

"ಇದೇ ಊರಲ್ಲಿ."

ಅವರು ನನ್ನ ಕೈ ಬಿಟ್ಟರು. ಬೈಯುವವರಂತೆ ಹುಬ್ಬು ಗಂಟಿಕ್ಕಿದರು. "ಹಾಗಾದ್ರೆ ನನ್ನ ಮುಂದೆ ಕೂತು ಅಳೋದೇನು ಬಂತು? ನಿಮಗೇ ಹೀಗಾದ್ರೆ ಅವರಿಗೆ ಹೇಗಿರ್ಬೇಕು. ಪಾಪ, ಒಬ್ಬರೇ ಹೇಗೆ ತಡ್ಕೊಂಡಿದಾರೋ. ಮೊದಲು ಅವರ ಹತ್ರ ಹೋಗಿ. ಈಗಲೇ."

"ಹೋಗ್ತೀನಮ್ಮಾ, ಸಾಯಂಕಾಲ."

"ಸಾಯಂಕಾಲ ಅಂದವರು ಹೋಗಲ್ಲ. ಬಾಗಿಲು ಹಾಕಿ. ನಾನು ನಿಂತಿರ್ತೀನಿ."

ನಿಂತೇ ಇದ್ದರು. ನಾನು ದೀಪ ಆರಿಸಿ, ಶಟರ್ ಎಳೆದು ಬೀಗ ಹಾಕಿದೆ. ಬೀಗ ಬಿದ್ದಿದೆಯೇ ಎಂದು ಅವರೂ ಒಮ್ಮೆ ಜಗ್ಗಿ ನೋಡಿದರು. ಕೊಡೆ ಬಿಚ್ಚುತ್ತಾ ಕೇಳಿದರು:

"ಅವರ ಮನೆ ಯಾವ ಕಡೆ?"

ನಾನು ಕೈ ಎತ್ತಿ ತೋರಿಸಿದೆ.

"ಒಳ್ಳೇದಾಯ್ತು. ನನ್ನ ದಾರೀನೂ ಅದೇ. ಬನ್ನಿ, ಜೊತೆಗೇ ಹೋಗೋಣ" ಎಂದು ಕೊಡೆಯನ್ನು ಅರ್ಧ ನನ್ನ ಕಡೆಗೆ ಹಿಡಿದು ಅವರು ಮುಂದಕ್ಕೆ ನಡೆದರು.